ಧೂಳಪ್ಪನ ಚುಕ್ಕೆ

...ಸಿಗಲಿಲ್ಲ! ನೋಡಿದ್ರಾ ಮಾವ? ನಿಮ್ಮ ಹೆಸರು ಪೂರ್ತಿ ಟೈಪ್ ಮಾಡಿದೆ, ಇನಿಷಿಯಲ್ ಸಮೇತ. 'ಈ ಹೆಸರಿನ ವಸ್ತು ಸಿಗಲಿಲ್ಲ' ಅಂತಿದೆ. ಲಕ್ಷಗಟ್ಟಲೆ ವಸ್ತು ಇದೆ ಈ ಆಕಾಶದ ಪಟ್ಟಿ ಹೊಟ್ಟೇಲಿ. ನಕ್ಷತ್ರ, ಧೂಮಕೇತು... ಯಾವನೋ ತನ್ನ ನಾಯಿ ಹೆಸರಿಟ್ಟ ಕಲ್ಲು ಕೂಡ ಇದೆ! ನೀವು ಮಾತ್ರ ಇಲ್ಲ.

ಯಾಕೆ ನಗ್ತೀರಿ? ನಗ್ತಿದೀರಾ, ಅಳ್ತಿದೀರಾ? ಲಕ್ವ ಹೊಡೆದ ಮೇಲೆ ನಿಮ್ಮ ಬಾಯಿ ಸೊಟ್ಟಗಾಗಿ ನನಗೆ ಒಂದೂ ಗೊತ್ತಾಗಲ್ಲ. ಇರಿ, ಜೊಲ್ಲು ಒರೆಸ್ತೀನಿ. ಹಾಂ... ಇಲ್ಲದಿದ್ರೆ ನಿಮ್ಮ ಮಗಳು ಬಂದು 'ನಮ್ಮಪ್ಪನ್ನ ಹೀಗಾ ನೋಡ್ಕೊಳ್ಳೋದು' ಅಂತ ನನ್ನ ಜನ್ಮ ಜಾಲಾಡ್ತಾಳೆ. ಔಷಧಿ ಅಂಗಡಿಗೆ ಹೋಗಿದಾಳೆ. ನಾಲ್ಕೂವರೆಗೆ ಬರ್ತಾಳೆ. ಈಗ ನಾಲ್ಕು. ಐದಕ್ಕೆ ಇವತ್ತು ರಾತ್ರಿ ಏನೇನು ನೋಡಬೇಕು ಅನ್ನೋ ಲಿಸ್ಟು ಮುಚ್ಚಬೇಕು. ಐದರ ಮೇಲೆ ದೊಡ್ಡ ಟೆಲಿಸ್ಕೋಪಿಗೆ ಒಂದು ಚುಕ್ಕೆ ಸೇರಿಸೋಕೂ ಆಗಲ್ಲ, ತೆಗೆಯೋಕೂ ಆಗಲ್ಲ. ಲಿಸ್ಟ್ ಹಾಕೋನು ನಾನು. ಅದಕ್ಕೇ ನಿಮ್ಮ ಪಕ್ಕ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿದೀನಿ, ಪ್ರೀತಿ ಉಕ್ಕಿ ಅಲ್ಲ.

ಡೈರೆಕ್ಟರ್ ಮುಂದೆ ಹೋಗಿ ಅತ್ತಿದಾಳೆ, ಗೊತ್ತಾ? ನಮ್ಮಪ್ಪ ಹೋಗೋ ಮೊದಲು ಒಂದೇ ಒಂದು ಸಲ ಆಕಾಶದಲ್ಲಿ ಅವರು ಹೇಳಿದ ಆ ಜಾಗ ನೋಡಿಬಿಡಿ ಅಂತ. ಹದಿನೈದು ನಿಮಿಷ ಕೊಟ್ಟಿದಾರೆ. ಹದಿನೈದು ನಿಮಿಷ, ಮಾವ! ನನ್ನ ಶಿಷ್ಯರು ವರ್ಷಗಟ್ಟಲೆ ಅರ್ಜಿ ಹಾಕಿ ಕಾಯ್ತಾರೆ. ಈಗ ಅಲ್ಲೂ ಏನೂ ಸಿಗದಿದ್ರೆ ಮತ್ತೆ ಆಫೀಸಿನ ಊಟದ ಹಾಲ್‌ನಲ್ಲಿ ಕೂತು ನಗೋದು ಯಾರನ್ನ ನೋಡಿ? ನನ್ನ. ಧೂಳಪ್ಪನ ಅಳಿಯ ಅಂತ.

ಆ ಹೆಸರು ಕೇಳಿದ್ರೆ ಇನ್ನೂ ಚುರ್ ಅನ್ನತ್ತಾ? ಅನ್ನಲಿ. ಮೊದಲು ಚೆನ್ನಾಗಿತ್ತಲ್ಲ ಹೆಸರು... ಕನ್ನಡಿಯಪ್ಪ. ಅಬ್ಸರ್ವೇಟರಿಯ ಕನ್ನಡಿಗಳನ್ನೆಲ್ಲ ಉಜ್ಜಿ ಉಜ್ಜಿ ಫಳಫಳ ಮಾಡೋ ಕನ್ನಡಿಯಪ್ಪ. ನಿಮ್ಮ ಹಾಗೆ ಗಾಜು ಉಜ್ಜೋನು ಇನ್ನೊಬ್ಬ ಹುಟ್ಟಲಿಲ್ಲ, ಒಪ್ತೀನಿ. ಅಷ್ಟಕ್ಕೇ ಸುಮ್ನಿರಬೇಕಿತ್ತು. ಮನೇಲಿ ಸ್ವಂತ ದುರ್ಬೀನು ಮಾಡ್ಕೊಂಡು, ಸ್ವಂತ ನಕ್ಷೆ ಇಟ್ಕೊಂಡು, ಮೂರು ದಿನ ಒಂದೇ ಕಡೆ ಕಣ್ಣಿಟ್ಟು... 'ಇಲ್ಲೊಂದು ಹೊಗೆ ಹಾಗೆ ಕಾಣ್ತಿದೆ ಸಾರ್, ಹೋದ ವರ್ಷ ಇರಲಿಲ್ಲ' ಅಂತ ಬಂದ್ರಿ. ಯಾರ ಹತ್ರ ಬಂದ್ರಿ? ಇನ್ನೂ ಅಳಿಯ ಆಗಿರದ ನನ್ನ ಹತ್ರ. ಇಡೀ ಅಬ್ಸರ್ವೇಟರಿಯಲ್ಲಿ ಇನ್ಯಾರೂ ಸಿಗಲಿಲ್ಲ ನಿಮಗೆ!

ಆಮೇಲೆ ಏನಾಯ್ತು? ವರದಿ ಕಳಿಸಿದ್ವಿ. ಮೂರು ದೇಶದೋರು ನೋಡಿದ್ರು. ಮೂರು ಕಡೆಯಿಂದಲೂ ಒಂದೇ ಉತ್ತರ. ಅಲ್ಲಿ ಏನೂ ಇಲ್ಲ, ಬಹುಶಃ ಗಾಜಿನ ಮೇಲಿನ ಧೂಳು. ಗಾಜು ಉಜ್ಜೋನ ಗಾಜಿನ ಮೇಲೆ ಧೂಳು! ಆವತ್ತು ಊಟದ ಹಾಲ್‌ನಲ್ಲಿ ಜನ ಹೊಟ್ಟೆ ಹಿಡ್ಕೊಂಡು ನಕ್ಕರಲ್ಲ... ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಮಗಳೂ ನಕ್ಕಳು, ಆಮೇಲೆ, ಮನೇಲಿ. ನೀವು ಮನೆಗೆ ಬಂದು ಆ ದುರ್ಬೀನಿನ ಕೊಳವೆ ಬಿಚ್ಚಿ ಬಟ್ಟೆ ಒಣಹಾಕೋ ಗಳ ಮಾಡಿದ್ರಿ. ಇಪ್ಪತ್ತೆರಡು ವರ್ಷ ಆಯ್ತು. ನನ್ನ ಬನಿಯನ್ನು ಈಗಲೂ ಅದರ ಮೇಲೇ ಒಣಗೋದು.

ಹೀಗೆ ದಿಟ್ಟಿಸಬೇಡಿ. ನಾನು ಕೆಟ್ಟೋನಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.

ನೋಡಿ, 'ಅಪ್ಪ ಬೇಡ ಅಂದ್ರೆ ಬಿಟ್ಟುಬಿಡ್ತೀನಿ' ಅಂದಿದಾಳೆ. ನಿಮ್ಮದು ಕಣ್ಣಿನ ಭಾಷೆ ಇದೆಯಲ್ಲ... ಒಂದು ಸಲ ಮಿಟುಕಿಸಿದ್ರೆ ಬೇಕು, ಎರಡು ಸಲ ಮಿಟುಕಿಸಿದ್ರೆ ಬೇಡ. ಅವಳು ಬರ್ತಾಳೆ, ಕೇಳ್ತಾಳೆ, ನೀವು ಎರಡು ಸಲ. ಮುಗೀತು. ಆಯ್ತಾ?

...ಆಯ್ತಾ ಅಂದೆ.

ಅಬ್ಬ, ಹಟ ನೋಡು! ಕೈಕಾಲು ಬಿದ್ರೂ ಹಟ ಬೀಳಲಿಲ್ಲ. ಸರಿ, ಬನ್ನಿ, ನಿಮ್ಮ ಕಣ್ಣೆದುರಿಗೇ ಹುಡುಕೋಣ. ಎಲ್ಲಿ ನಿಮ್ಮ ಆ ರಟ್ಟಿನ ಪುಸ್ತಕ? ಹಾಂ, ನಿಮ್ಮ ತೊಡೆ ಮೇಲೇ ಇಟ್ಟುಹೋಗಿದಾಳೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ನಿಮ್ಮ ಅಕ್ಷರವೋ, ಮುತ್ತು. ಆಕಾಶದಲ್ಲಿ ನಿಮ್ಮ ಚುಕ್ಕೆಯ ವಿಳಾಸ, ಐದು ಗಂಟೆ ನಲವತ್ಮೂರು ನಿಮಿಷ... ಇದು ಈ ಡಬ್ಬಿಗೆ. ಸೊನ್ನೆ ಡಿಗ್ರಿ ಚಿಲ್ಲರೆ... ಇದು ಆ ಡಬ್ಬಿಗೆ. ಕೆಳಗಿನ ಚಿಕ್ಕ ಡಬ್ಬಿ ಬಿಡಿ, ಅದು ಯಾವ ವರ್ಷದ ನಕ್ಷೆ ಅಂತ ಕೇಳತ್ತೆ. ಎರಡು ಸಾವಿರ ಅಂತಿದೆ, ಎಲ್ಲರೂ ಹಾಗೇ ಬಿಡ್ತಾರೆ. ಈಗ ಹುಡುಕು ಅಂತ ಒತ್ತಿದ್ರೆ... ಇಗೋ ಆಕಾಶದ ಆ ತುಂಡಿನ ಫೋಟೋ. ಬಂತು. ಏನಿದೆ? ನಾಲ್ಕು ಬಡಪಾಯಿ ನಕ್ಷತ್ರ, ಉಳಿದಿದ್ದೆಲ್ಲ ಕತ್ತಲೆ. ಎಲ್ರೀ ನಿಮ್ಮ ಹೊಗೆ? ಹಾರಿಹೋಯ್ತಾ?

ನಂಬಿಕೆ ಇಲ್ವಾ? ತಗೊಳ್ಳಿ, ಮೌಸು. ಎಡಗೈ ಎರಡು ಬೆರಳು ಆಡುತ್ತಲ್ಲ, ಫಿಸಿಯೋದೋಳು ಅಷ್ಟು ಹೊಗಳ್ತಾಳೆ. ನೀವೇ ಹುಡುಕಿ. ನಿಮ್ಮ ಕೈಯಾರೆ ನೋಡಿಬಿಡಿ, ಮೀಸೆ ಮಣ್ಣಾಯ್ತೋ ಇಲ್ವೋ ಅಂತ.

ಹ್ಞೂ... ಹಾಗೇ. ಸ್ವಲ್ಪ ಕೆಳಗೆ. ಕೆಳಗೆ ಯಾಕೆ? ಬಟನ್ ಮೇಲಿದೆ ಮಾವ. ಅಲ್ಲ... ಅಲ್ಲಲ್ಲ, ಅದು ವರ್ಷದ ಡಬ್ಬಿ. ಅದು ಮುಟ್ಟಬೇಡಿ. ಮಾವ, ಅದು ಬೇಕಾಗಿಲ್ಲ ಅಂದ್ನಲ್ಲ. ಐವತ್ತು... ಸಾವಿರದ ಒಂಬೈನೂರ ಐವತ್ತು ಯಾಕೆ...

ಓ.

ಕ್ಲಿಕ್ ಮಾಡಿಬಿಟ್ರಾ?

...ಏನದು? ಅದೇನೋ... ಯಾವುದೋ ಬೇರೆ. ಅದು ಆಗಲೇ ಆಕಾಶದ ಪಟ್ಟೀಲಿದೆ ಮಾವ, ಕಾಣತ್ತಲ್ಲ ನಂಬರು? ಎರಡು ವರ್ಷದ ಹಿಂದೆ ಯಾವುದೋ ಮೆಷೀನು ಹಿಡೀತು ಅದನ್ನ. ಕೆಲವು ವರ್ಷ ಹೊಳೆಯೋದು, ಕೆಲವು ವರ್ಷ ಮಂಕಾಗೋದು, ಅಂಥದ್ದೊಂದು ಹೊಗೆ ಮೋಡ. ಬರೀ ನಂಬರು, ಹೆಸರಿಲ್ಲ. ಹೆಸರಿನ ಜಾಗ ಖಾಲಿ ಇದೆ ಅಂದ ಮಾತ್ರಕ್ಕೆ ಅದು ನಿಮ್ಮದಾಗಿಬಿಡತ್ತಾ? ನನಗೆ ಗೊತ್ತಿತ್ತು ಅಂತ ಯಾರು ಹೇಳಿದ್ರು? ನಾನೇನು ಎಲ್ಲಾ ಲಕ್ಷ ವಸ್ತುಗಳನ್ನೂ ನೋಡ್ತಾ ಕೂರ್ತೀನಾ?

ಹಾಗೆ ನೋಡಬೇಡಿ ನನ್ನ!

ಸರಿ. ಹೌದು. ಭೂಮಿ ಬುಗುರಿ ಹಾಗೆ ಓಲಾಡುತ್ತೆ, ಆಕಾಶದ ಗೆರೆಗಳೂ ವರ್ಷ ವರ್ಷ ಸರೀತಾ ಹೋಗ್ತವೆ. ನಿಮ್ಮ ಹತ್ರ ಇದ್ದದ್ದು ಐವತ್ತನೇ ಇಸವಿಯ ಹಳೇ ನಕ್ಷೆ. ಅದರ ನಂಬರನ್ನ ಎರಡು ಸಾವಿರದ್ದು ಅಂತ ಬರೆದ್ರೆ ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ. ಕೈ ಚಾಚಿ ಕಿರುಬೆರಳು ಹಿಡಿದ್ರೆ ಅದರ ಅಗಲದಷ್ಟೂ ಇಲ್ಲ ವ್ಯತ್ಯಾಸ. ಆದ್ರೆ ದೊಡ್ಡ ಟೆಲಿಸ್ಕೋಪಿಗೆ ಅಷ್ಟು ಸಾಕು ಕುರುಡಾಗೋಕೆ. ಆವತ್ತು ಆಫೀಸಿನ ಕ್ಲರ್ಕು ವರದಿ ಟೈಪ್ ಮಾಡುವಾಗ ತಪ್ಪು ಮಾಡಿರಬೇಕು. ನಾನು ಅವನಿಗೆ ಹೇಳಿದ್ದೆ... ಎರಡು ಸಾವಿರ ಅಂತ ಒತ್ತುವಾಗ ಒಂದು ಸಲ ಯೋಚನೆ ಮಾಡಿದ್ದೆ ಕೂಡ...

ಮಾಡಿದ್ದ. ಅವನು ಮಾಡಿದ್ದ ಅಂದೆ.

ಏನು ಮಾಡಬೇಕಿತ್ತು ನಾನು? ಹೇಳಿ! ಆರು ವರ್ಷ ಸವೆಸಿ ಆ ದಿಕ್ಕಿನ ಪಟ್ಟಿ ಮಾಡಿದ್ದೆ. ಥೀಸಿಸ್ ಅಚ್ಚಿಗೆ ಹೋಗಿತ್ತು. ಇಂಥಾ ಜಾಗದಲ್ಲಿ ಇಂಥಾ ವಸ್ತು ಒಂದೂ ಇಲ್ಲ ಅಂತ ನನ್ನ ಸಹಿ ಹಾಕಿದ್ದೆ. ನೀವು ಬಂದು, ಹತ್ತನೇ ಕ್ಲಾಸ್ ಫೇಲು, ಕೈಗೆ ಗಾಜು ಉಜ್ಜೋ ಕೆಂಪು ಪುಡಿ ಮೆತ್ತಿಕೊಂಡು ಬಂದು, 'ಇಲ್ಲಿದೆ ಸಾರ್' ಅಂತೀರಿ! ನಿಮ್ಮನ್ನ ಕೊಂದೇನಾದ್ರೂ ಹಾಕಿದ್ನಾ? ಒಂದು ಡಬ್ಬಿ. ಒಂದೇ ಒಂದು ಡಬ್ಬಿ ತಪ್ಪು ತುಂಬಿದೆ. ಜನ ನಕ್ಕರು, ಅಷ್ಟೇ ತಾನೇ? ನಗೆಗೆ ಯಾರೂ ಸತ್ತಿಲ್ಲ.

ಬಿಡಿ. ನೀವು ಈಗ ಸುಮ್ನೆ ಅಂದಾಜಲ್ಲಿ ಒತ್ತಿದ್ರಿ, ಕುರುಡನ ಕಲ್ಲು ಹಣ್ಣಿಗೆ ಬಿತ್ತು. ನಿಮಗೇನೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಬಾಯಿ ಇದ್ದಾಗಲೇ ಹೇಳ್ತಿರಲಿಲ್ವಾ?

ಏನು? ಪುಸ್ತಕದ ಮೇಲೆ ಯಾಕೆ ಬೆರಳು ಬಡೀತೀರಿ? ತಿರುಗಿಸಬೇಕಾ? ಇದಾ... ಇನ್ನೂ ಮುಂದಾ... ಇದಾ? ಅವತ್ತು ಬಂದ ಉತ್ತರದ ಕಾಗದ. ಅಂಟಿಸಿ ಇಟ್ಕೊಂಡಿದೀರಾ? ಧೂಳು ಅಂತ ಬೈದ ಕಾಗದವನ್ನ ಯಾರಾದ್ರೂ ಅಂಟಿಸಿ...

ಪೆನ್ಸಿಲ್ ಸುತ್ತು ಹಾಕಿದೆ. ಎರಡು ಸಾವಿರ ಅನ್ನೋ ಇಸವಿಯ ಸುತ್ತ.

ಕೆಳಗೆ ತಾರೀಕು. ನಿಮ್ಮ ಅಕ್ಷರವೇ. ಹದಿನೇಳು... ಮಾವ, ಇದು... ನಮ್ಮ ಮದುವೆಗೆ ನಾಲ್ಕು ದಿನ ಮುಂಚೆ.

ಗೊತ್ತಿತ್ತಾ ನಿಮಗೆ?

ಊಟದ ಹಾಲ್‌ನಲ್ಲಿ ನಾನು ನಗುವಾಗ ಗೊತ್ತಿತ್ತಾ? ಈ ಇಪ್ಪತ್ತೆರಡು ವರ್ಷ ನನ್ನ ಎದುರು ಕೂತು ಊಟ ಮಾಡುವಾಗ, ನನ್ನ ಬನಿಯನ್ನು ಆ ಗಳದ ಮೇಲೆ ಒಣಗುವಾಗ... ಒಂದು ಮಾತು ಆಡಬಾರದಾಗಿತ್ತಾ? ಕಪಾಳಕ್ಕೆ ಒಂದು ಬಾರಿಸಬಾರದಾಗಿತ್ತಾ? ಮಗಳಿಗೆ ಗೊತ್ತಾಗತ್ತೆ, ಮದುವೆ ಮುರಿಯತ್ತೆ ಅಂತಾನಾ? ಅಂಥಾ ದೊಡ್ಡ ಮನುಷ್ಯ ನೀವು! ಯಾರು ಕೇಳಿದ್ರು ನಿಮ್ಮನ್ನ? ಯಾರು ಕೇಳಿದ್ರು?!

...ಗೇಟು. ಬಂದ್ಲು.

ಮೌಸು ಬಿಡಿ. ವರ್ಷ ವಾಪಸ್ ಹಾಕ್ತೀನಿ, ಬಿಡಿ ಅಂದ್ರೆ! ಎಲ್ಲಿತ್ತು ಈ ಬೆರಳಲ್ಲಿ ಇಷ್ಟು ಬಲ... ಮಾವ, ಕೈ ಮುಗೀತೀನಿ. ಇಷ್ಟು ವರ್ಷ ಕಾಪಾಡಿದ್ರಿ, ಇನ್ನೊಂದು ದಿನ ಕಾಪಾಡಿ. ಪುಸ್ತಕ ಮುಚ್ಚಿ. ನನಗಲ್ಲ, ಅವಳಿಗೋಸ್ಕರ...

ಬಾರೇ, ಇಲ್ಲೇ ಇದೀವಿ! ಏನಿಲ್ಲ, ನಿಮ್ಮಪ್ಪ ಸುಮ್ನೆ ಆಟ ಆಡ್ತಿದ್ರು. ಪುಸ್ತಕ ಆಮೇಲೆ ನೋಡುವೆಯಂತೆ. ಏನಿಲ್ಲ ಕಣೇ ಅದು, ಹಳೇ ಕಾಗದ. ಮೊದಲು ಅವರನ್ನ ಕೇಳು, ಲಿಸ್ಟಿಗೆ ಸೇರಿಸಬೇಕಾ, ಬೇಡವಾ ಅಂತ. ನನಗೆ ಆಗಲೇ ಬೇಡ ಅಂದ್ರು. ಅಲ್ವಾ ಮಾವ? ಅವಳಿಗೂ ಹೇಳಿಬಿಡಿ. ಬೇಕಾ, ಬೇಡವಾ?

ಒಂದು.

ಹ್ಞೂ, ಇನ್ನೊಂದು. ಮಾವ... ಇನ್ನೊಂದು. ಕಣ್ಣು ಹಾಗೆ ತೆಗೆದೇ ಇಟ್ಕೋಬೇಡಿ, ನೀರು ಸುರೀತಿದೆ, ಉರಿಯುತ್ತೆ ಮಾವ... ಇನ್ನೊಂದೇ ಒಂದು ಸಲ... ಮಾವ?