ಮೀನಿನ ಫಿಲ್ಟರಿಗೆ ಫೋರ್ಸ್

“ಲೇ ಪಾಲಾಕ್ಷ, ಹೆಂಡ್ತಿ ಮಗಳನ್ನೇ ಮನ್ಯಾಗೆ ಇಟ್ಕಳಾಕೆ ಆಗ್ಲಿಲ್ಲ, ಮೀನು ಸಾಕ್ತೀಯೇನ್ಲೇ?” ಎಂದ ಚಳ್ಳಕೆರೆಯ ಪೈಪಿನಂಗಡಿಯ ಗೋವರ್ಧನ. ಕಾದು ನಿಂತಿದ್ದವರೆಲ್ಲ ಹಲ್ಲು ಕಿಸಿದರು. ನಲ್ಲಿ ಕೊಳ್ಳಲು ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ರಾಂಪುರದ ಪಾಲಾಕ್ಷ ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

“ಮಗಳು ಗಾಜಿನ ತೊಟ್ಟ್ಯಾಗೆ ಬಿಟ್ಟೋದ ಮೀನಣ್ಣ ಅವು. ರಜಾಕ್ಕೆ ನೋಡಾಕೆ ಬರ್ತಾಳೆ. ಬೋರಿನ ಸವುಳು ನೀರು ಹಾಕಿದ್ರೆ ಸಾಯ್ತಾವೆ. ಆರ್‌ಓ ಫಿಲ್ಟರ್‌ನಾಗೆ ನೀರೇ ಇಳೀತಿಲ್ಲ, ಬರೇ ತೊಟ್ಟಿಕ್ತೈತೆ.”

“ಪಂಪ್ ಹಾಕು.”

“ಕರೆಂಟೆಲ್ಲಿರ್ತೈತಣ್ಣ?”

“ಫಿಲ್ಟರ್‌ಗೆ ನೀರು ಬಿಡೋ ಡ್ರಮ್ ಎಲ್ಲಿಟ್ಟೀಯ?”

“ಅಡುಗೆಮನೆ ಕಟ್ಟೆ ಮ್ಯಾಲೆ.”

“ಅದಕ್ಕೇ ಮತ್ತೆ! ನೀರಿಗೆ ಫೋರ್ಸ್ ಬರೋದು ಎತ್ತರದಿಂದ ಕಣಪ್ಪ. ಡ್ರಮ್ಮನ್ನ ಮಾಳಿಗೆ ಮ್ಯಾಲೆ ಇಟ್ಟು ಪೈಪ್ ಇಳಿಬಿಡು.”

“ಏಣಿ ಹಾಕ್ಕಂಡು ಹೊತ್ರೆ ಆತಾ?”

“ಒಬ್ನೇ ಏರಿಸ್ಬ್ಯಾಡ, ಬೀಳ್ತೀಯ. ಮ್ಯಾಲೆ ನೀನಿರು, ಕೆಳಗಿಂದ ಒಬ್ರು ಎತ್ತಿ ಕೊಡ್ಲಿ.”

ಪೈಪು ಸುತ್ತಿ ಕೊಡುತ್ತ ಗೋವರ್ಧನ ಕೇಳಿದ. ಈಗ ಅವನ ದನಿಯಲ್ಲಿ ಕುಹಕವಿರಲಿಲ್ಲ.

“ಎತ್ತಿಕೊಡಾಕೆ ಮನ್ಯಾಗೆ ಯಾರವ್ರೆ?”

ಪಾಲಾಕ್ಷ ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.