‘ಹ’ ಇಲ್ಲದ ಅಚ್ಚಿನ ಯಂತ್ರ

ಹಾನಗಲ್ಲ ಬಸ್‌ನಿಲ್ದಾಣದಲ್ಲಿ ಕೂತಿದ್ದ ಗುತ್ತೆವ್ವನ ಕಿವಿ ಪಕ್ಕದ ಬೆಂಚಿನತ್ತಲೇ ಇತ್ತು. ಅಲ್ಲಿ ಕೂತಿದ್ದ ಬೋರ್ಡು ಬರೆಯುವ ಕರಬಸಪ್ಪ ಹಳೆಯದೊಂದು ಪುಟ್ಟ ಕೈ ಅಚ್ಚಿನ ಯಂತ್ರವನ್ನೂ ಕಾಗದ ಕತ್ತರಿಸುವ ಸಣ್ಣ ಕಟರನ್ನೂ ಕೊಂಡಿದ್ದ. ಅವನ ಅಕ್ಕ ದಾನವ್ವ ಅಚ್ಚಿನ ಮೊಳೆಗಳ ಪೆಟ್ಟಿಗೆ ಕೆದಕುತ್ತಿದ್ದಳು.

“ಇದರಾಗ ‘ಹ’ ಒಂದೂ ಇಲ್ಲಲೇ. ನಮ್ಮೂರ ಹೆಸರು ಇರೇಕೆರೂರು ಅಂತ ಛಾಪಿಸ್ತೀಯೇನು?”

“ತರಿಸಿದ್ರಾತು, ಅಕ್ಕಾ.”

“ಕಟರಿನ ಅಲಗೂ ಮೊಂಡ. ಮಾರಿದಾಂವ ನಿನಗ ಚಲೋ ಟೊಪಗಿ ಹಾಕ್ಯಾನ.”

“ಮಸದ್ರಾತು.”

“ಊರ ತುಂಬ ನೀ ಬರೆದ ಬೋರ್ಡದಾವು. ಅಂಥಾ ಕೈ ಇಟಗೊಂಡು ಈ ಗುಜರಿ ಯಾಕ ಬೇಕಾತೋ?”

ಕರಬಸಪ್ಪ ಬಲಗೈ ಚಾಚಿದ. ಬೆರಳುಗಳು ನಡುಗುತ್ತಿದ್ದವು.

“ಯಾವಾಗಿಂದ?”

“ದೀಪಾವಳಿಯಿಂದ.”

ಹಿರೇಕೆರೂರಿನ ಬಸ್ಸು ಬಂತು. ದಾನವ್ವ ಕಟರನ್ನು ಸೊಂಟಕ್ಕೆತ್ತಿಕೊಂಡಳು.

“ಹುಚ್ಚಾ, ಆ ಕೈಲೆ ಮೊಳಿನರ ಹೆಂಗ ಜೋಡಸ್ತಿ? ನಾ ಜೋಡಸ್ತೇನಿ, ಏಳು.”