ಹನ್ನೊಂದು ತಿಂಗಳ ಸೂತಕ

...ಆ ಕಂಬಳಿ ಬ್ಯಾಡ್ರಿ, ಹಸಿ ಅದ. ಈ ಮಣಿ ಮ್ಯಾಲೆ ಕುಂದ್ರಿ, ಪ್ರಾಣೇಶರಾಯರ. ನೀರ ಕೊಡ್ಲೇನು? ಬ್ಯಾಡಾ? ಇರ್ಲಿ, ಒತ್ತಾಯ ಮಾಡಂಗಿಲ್ಲ. ನಿಮ್ಮ ಅಪ್ಪಾರೂ ಮದಲ ಹಿಂಗೇ ಇದ್ರು. ಕಲ್ಲಿನ ಖಣಿಗಿ ಕಾರಕೂನ ಆಗಿ ಶಹಾಬಾದಕ್ಕ ಬಂದ ಹೊಸದಾಗ ನನ್ನ ಹಿತ್ತಲ ಖೋಲಿ ಹಿಡದ್ರು. ಆದ್ರ ಈ ಸೂಗಮ್ಮನ ಖಾನಾವಳಿಯ ಒಂದು ಅಗಳ ಮುಟ್ಟಲಿಲ್ಲ. ತಾವೇ ನೀರ ಸೇದಕೊಂಡು, ಒದ್ದಿ ಪಂಜಿ ಉಟಗೊಂಡು, ಮೂರ ಕಲ್ಲ ಹೂಡಿ ಅನ್ನಾ ಮಾಡಕೋತಿದ್ರು. ಎರಡನೇ ವರ್ಷ ಚಳಿಜ್ವರ ಬಂತು. ಎದ್ದು ಕುಂಡ್ರಲಿಕ್ಕಾಗದು. ನಾ ಗಂಜಿ ಮಾಡಿ ಬಾಗಲದಾಗ ಇಟ್ಟು ಬಂದೆ. ಸಂಜೀಕ ನೋಡಿದ್ರ ತಾಟ ತೊಳದು ಬೋರಲಾಗಿ ಇಟ್ಟಿದ್ರು. ಅವತ್ತಿನಿಂದ ನನ್ನ ಕೈದೇ ಊಟ. ಏಳು ವರ್ಷ.

ಏನ ಹೇಳಲಿಕತ್ತಿದ್ದೆ? ಹಾಂ... ಹೋದ ಅಮಾಸಿಗಿ ತೀರಕೊಂಡ್ರು. ಕಾಗಿಣಾ ದಂಡಿಗಿ ಒಯ್ದು ನಿಮ್ಮ ಪದ್ಧತಿ ಪ್ರಕಾರ ಸುಟ್ಟೇವಿ. ಮಳಿ ಬಂದು ಹೊಳಿ ಏರಿ, ಬೂದಿ ಎಲುವು ಎಲ್ಲಾ ಒಯ್ತು. ಅದಕ್ಕ ಟೇಸನ್ನಿನಾಗ ಸುದ್ದಿ ಕೇಳಿ ನೀವು ಕೊಂಡು ತಂದ ಆ ಮಣ್ಣಿನ ಗಡಗ್ಯಾಗ ಹಾಕಲಿಕ್ಕೆ ನನ್ನ ಹಂತ್ಯಾಕ ಏನೂ ಇಲ್ಲ. ವರ್ಷಕ್ಕೊಮ್ಮೆ ಬರೂ ಯುಗಾದಿ ಪತ್ರ ಯಾಕ ಬರಲಿಲ್ಲಂತ ತಾಯಿ ಕಳಿಸಿದ್ರು ಅಂದ್ರೆಲ್ಲ, ಅದೂ... ಆಗ ಕೈ ನಡಗತಿತ್ತು ಅವರದು. ಬರೀಲಿಕ್ಕಾಗತಿರಲಿಲ್ಲ.

ಯಾಕ ಹಂಗ ನೋಡತೀರಿ?

ಜರಾ ತಡೀರಿ, ಒಲಿ ಮ್ಯಾಲಿನ ಬ್ಯಾಳಿ ಇಳಿಸಿ ಬರ್ತೀನಿ... ಹಾಂ. ಭಾಳ ಮಾತಿನ ಮನಷ್ಯಾ ಅವರು, ನಿಮ್ಮೂರ ಚಿಂಚೋಳ್ಯಾಗ ನಿಮಗ ಅದು ಗೊತ್ತಿತ್ತೋ ಇಲ್ಲೋ. ಊಟ ಆದ ಮ್ಯಾಲೆ ಜಗಲಿ ಮ್ಯಾಲೆ ಕುಂತು ಒಂದೊಂದೇ ಕೇಳತಿದ್ರು. ನನ್ನ ಗಂಡ ಗುರುಲಿಂಗಪ್ಪ ಖಣ್ಯಾಗ ಕಲ್ಲ ಜಾರಿ ಸತ್ತಿದ್ದ. ಅವಂದು ಹ್ಯಾಂಗ ಮಾಡಿದ್ರಿ ಅಂತ ಕೇಳಿದ್ರು. ಹೇಳಿದೆ. ನಮ್ಮಲ್ಲಿ ಹೆಣಾ ಮಲಗಸಂಗಿಲ್ಲ. ಜಳಕಾ ಮಾಡಿಸಿ, ವಿಭೂತಿ ಹಚ್ಚಿ, ಗೋಡಿಗಿ ಆನಿಸಿ ಕೂಡಸತೀವಿ. ಕುಣ್ಯಾಗ ಗೂಡು ಮಾಡಿ, ಎಡಗೈಯಾಗ ಲಿಂಗ ಕೊಟ್ಟು, ಪತ್ರಿ, ಉಪ್ಪು, ವಿಭೂತಿ ಸುರೂತೀವಿ. ಮಠದ ಅಯ್ಯನೋರು ತಲಿ ಮ್ಯಾಲೆ ಪಾದ ಇಟ್ರ ಮುಗೀತು, ಲಿಂಗದಾಗ ಕೂಡಿದ. ಸೂತಕ ಇಲ್ಲ, ಪಿಂಡ ಇಲ್ಲ. ಅವರು ಕೇಳಿ, ಕೂತಕೊಂಡೇ ಹೋಗೂದು ಛಲೋ ಅದ ಅಂದ್ರು. ಯಾರೋ ಕರದ್ರ ಏಳಲಿಕ್ಕ ತಯಾರಿದ್ದಂಗ.

ನನಗ ನಿಮ್ಮದು ತಿಳೀತಿರಲಿಲ್ಲ. ಒಂಬತ್ತ ತಿಂಗಳ ಹೊತ್ತು ಹಡದ ಮೈನ ಅರ್ಧ ಹೊತ್ತಿನ್ಯಾಗ ಬೂದಿ ಮಾಡೂದು, ಮರುದಿನ ಹೋಗಿ ಎಲುವು ಆರಿಸೂದು... ಅದಕ್ಕ ಅವರು ಸಿಟ್ಟಾಗಲಿಲ್ಲ. ಮೈ ಅನ್ನೂದು ಹಳೇ ಅಂಗಿ, ಇಟಗೊಂಡ್ರ ಹೋದಾವನ್ನ ಹಿಂದಕ್ಕ ಎಳೀತದ ಅಂತ ತಿಳಿಸಿ ಹೇಳಿದ್ರು. ಖಣಿ ಮೇಸ್ತ್ರಿ ಮಜೀದಸಾಬನೂ ಒಮ್ಮೊಮ್ಮೆ ಬಂದು ಕುಂಡ್ರತಿದ್ದ. ತಮ್ಮಲ್ಲಿ ಮಾರಿ ಮಕ್ಕಾ ಕಡಿ ಮಾಡಿ ಮಲಗಸತೀವಿ, ಬಂದವರೆಲ್ಲಾ ಮೂರು ಮುಷ್ಟಿ ಮಣ್ಣ ಹಾಕತೀವಿ ಅಂತಿದ್ದ. ಹಿಂಗ ಮೂರೂ ಮಂದಿ ಸಾವಿನ ಮಾತ ಆಡಕೋತ ಎಲಿ ಅಡಕಿ ತಿಂತಿದ್ದೆವು. ನಗಬ್ಯಾಡ್ರಿ. ನಗಲಿಲ್ಲೇನು... ನನಗ ಹಂಗ ಅನಸ್ತು.

ಪ್ರಾಣೇಶರಾಯರ, ನಿಮ್ಮ ಕಾಲಿಗಿ ಅದೇನು?

ಕರೀ ಎರಿ ಮಣ್ಣು. ಟೇಸನ್ನಿಂದ ನನ್ನ ಬಾಗಲತನ ಬರೇ ಫರಸಿ ಕಲ್ಲು ಹಾಸ್ಯದ, ಎಲ್ಲೂ ಎರಿ ಇಲ್ಲ. ಎರಿ ಇರೂದು ಭಂಕೂರದ ಕಡಿ, ಹೊಲದಾಗ...

ಹೋಗಿ ಬಂದೀರಿ ಹಂಗಾದ್ರ. ನನ್ನ ಹೊಲಕ್ಕ ಹೋಗಿ, ನೋಡಿ, ಆಮ್ಯಾಲೆ ಬಂದು ನನ್ನ ಮುಂದ ಕುಂತೀರಿ. ಇಷ್ಟೊತ್ತು ಹೊಳಿ ಏರಿತು ಬೂದಿ ಒಯ್ತು ಅಂತ ನಾ ಹೇಳಿದ್ದೆಲ್ಲಾ ಕೇಳಕೋತ ಕುಂತೀರಿ. ಒಂದ ಮಾತರ ಅನಬಾರದಾ?

ಇರ್ಲಿ. ಹೌದು. ಸುಡಲಿಲ್ಲ. ನನ್ನ ಗಂಡನ ಗದ್ದಿಗಿ ಮಗ್ಗಲದಾಗ ಕೂಡಸೀನಿ. ಹೋದ ಅಮಾಸಿಗಿ ಅಲ್ಲ, ಹೋದ ವರ್ಷದ ಶ್ರಾವಣದಾಗ. ಹನ್ನೊಂದು ತಿಂಗಳಾತು. ಊರಿಗಿ ವಾಂತಿಭೇದಿ ಬಂದಿತ್ತು. ಮುಂಜಾನಿ ಖಣಿಗಿ ಹೋದವರು ಮಧ್ಯಾಹ್ನಕ್ಕ ಗೋಡಿ ಹಿಡಕೊಂಡು ಬಂದ್ರು. ಮೂರನೇ ದಿನ ಮುಗೀತು. ನಿಮ್ಮ ಜನದ ಎರಡೂ ಮನಿಯವರು ಬೀಗ ಹಾಕ್ಕೊಂಡು ಚಿತ್ತಾಪುರಕ್ಕ ಹೋಗಿದ್ರು. ನಮ್ಮ ಅಯ್ಯನೋರಿಗಿ ಹೇಳಿ ಕಳಿಸಿದೆ. ಲಿಂಗ ಇಲ್ಲದವನ ತಲಿ ಮ್ಯಾಲೆ ಪಾದ ಇಡಲಿಕ್ಕ ಬರೂದಿಲ್ಲ ಅಂದ್ರು. ಅವರ ತಪ್ಪಲ್ಲ ಅದು. ಹೆಣಾ ಹೊರಲಿಕ್ಕ ನಮ್ಮವರು ನಾಕು ಮಂದೀನೂ ಬರಲಿಲ್ಲ. ಮಜೀದಸಾಬ ಒಬ್ಬನೇ ಕುಣಿ ತಗದ. ನಾನೇ ಜಳಕಾ ಮಾಡಿಸಿದೆ. ವಿಭೂತಿ ಹಚ್ಚಲಿಲ್ಲ, ಅವರ ಡಬ್ಬ್ಯಾಗಿನ ಗೋಪಿಚಂದನ ತೇದು ಹಣಿಗಿ, ಎದಿಗಿ, ತೋಳಿಗಿ, ಅವರು ದಿನಾ ಎಲ್ಲೆಲ್ಲಿ ಹಚ್ಚಕೋತಿದ್ರೋ ಅಲ್ಲೆಲ್ಲಾ ಹಚ್ಚಿದೆ. ಕೈಯಾಗ ಲಿಂಗದ ಬದಲಿ ಅವರೇ ಬೆಳಿಸಿದ ತುಳಸಿದು ಒಂದು ಕುಡಿ. ಮಜೀದಸಾಬ ತನಗ ಬಂದಂಗ ಏನೋ ಓದಿ ಮೂರು ಮುಷ್ಟಿ ಮಣ್ಣ ಹಾಕಿದ. ಇದಕ್ಕ ಯಾವ ಜಾತಿ ಪದ್ಧತಿ ಅಂತೀರೋ ಅನ್ರಿ. ಏನ ಮಾಡಬೇಕಿತ್ತು? ಜಡಿ ಮಳಿ. ಒಂದು ಒಣಾ ಕಟ್ಟಿಗಿ ಇರಲಿಲ್ಲ ಊರಾಗ...

ಯಾಕ ತಲಿ ತಗ್ಗಿಸಿದ್ರಿ?

ಮಜೀದಸಾಬಗ ಭೆಟ್ಟಿ ಆಗೀರೇನು? ಅವನೇ ಹೊಲ ತೋರಿಸಿದ್ನಾ?

...ಹಂಗಾದ್ರ ಕಟ್ಟಿಗಿ ಮಾತೂ ಹೇಳ್ಯಾನ.

ಇತ್ತು. ಕಟ್ಟಿಗಿ ಇತ್ತು. ಖಣಿ ಛಪ್ಪರದ ಕೆಳಗ ಒಣಗಿದ ಜಾಲಿ ಕಟ್ಟಿಗಿ ಒಂದು ಬಂಡಿ ಇತ್ತು. ಮಜೀದಸಾಬ ಅದನ್ನ ಹೇರಿಕೊಂಡು ಬಂದು ಇದೇ ಬಾಗಲದಾಗ ನಿಂತಿದ್ದ. ಅಕ್ಕಾ, ಅವರ ಧರ್ಮ ಅವರಿಗಿ ಮಾಡೋಣು ಅಂದ. ನಾ ಒಲ್ಲೆ ಅಂದೆ. ಅವ ಎರಡ ಸಲ ಹೇಳಿದ, ನಾ ಎರಡ ಸಲ ಒಲ್ಲೆ ಅಂದೆ. ಬಂಡಿ ತಿರುವಿಕೊಂಡು ಹೋಗಿ, ಸಲಿಕಿ ಹಿಡಕೊಂಡು ಬಂದ.

ಬೆಂಕಿ ಹಚ್ಚಿದ್ರ ನನಗೇನ ಉಳೀತಿತ್ತು ಹೇಳ್ರಿ. ನಿಮ್ಮ ತಾಯೇರಿಗಿ ನೀವು ಇದ್ದೀರಿ, ಹೆಸರ ಅದ, ಮನಿ ಅದ. ಅವರಿಗಿ ನಾ ಏನ ಆಗಬೇಕು? ಖಾನಾವಳಿಯಾಕಿ. ನಮ್ಮಲ್ಲಿ ಉಡಕಿ ನಡೀತದ, ಗಂಡ ಸತ್ತಾಕಿ ಮತ್ತೊಬ್ಬನ ಕೂಡ ಸಂಸಾರ ಮಾಡಬಹುದು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಆ ಮಾತ ತಗದ್ರು, ನಾ ಎದ್ದು ಒಳಗ ಹೋದೆ. ಮತ್ತೆಂದೂ ತಗೀಲಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚಿಗಿ ಏನೂ ಇಲ್ಲ, ನೀವು ನಂಬರಿ, ಬಿಡ್ರಿ.

ಪತ್ರ ಹಾಕಿದ್ರ ನೀವು ಬರ್ತಿದ್ರಿ. ಅಗದು ಒಯ್ತಿದ್ರಿ. ಅದಕ್ಕ ಹಾಕಲಿಲ್ಲ. ಕೇಳಿದವರ ಮುಂದ, ಚಿಂಚೋಳಿಗಿ ತಿಳಿಸೀನಿ ಅಂತ ಹೇಳಕೋತ ಬಂದೆ.

ಹತ್ತನೇ ದಿನಾ ಅವರ ಮಾತೆಲ್ಲಾ ನೆನಪಾಗಿ ಅಂಜಿಕಿ ಹತ್ತಿತು. ನಿಮ್ಮಲ್ಲಿ ಪಿಂಡ ಇಟ್ರ ಕಾಗಿ ಮುಟ್ಟಬೇಕು ಅಂತಿದ್ರಲ್ಲ. ಅನ್ನಾ ಮಾಡಿ, ಉಂಡಿ ಕಟ್ಟಿ, ಗದ್ದಿಗಿ ಮುಂದ ಫರಸಿ ಮ್ಯಾಲೆ ಇಟ್ಟೆ. ನಮ್ಮವರು ಕಂಡಿದ್ರ ನಗತಿದ್ರು. ಎರಡು ಕಾಗಿ ಜಾಲಿ ಗಿಡದಾಗ ಕುಂತವು, ಇಳೀಲಿಲ್ಲ. ಹೊತ್ತು ನೆತ್ತಿಗಿ ಬಂತು. ತಪ್ಪಾತು ಅಂದೆ, ಇಳೀಲಿಲ್ಲ. ಮಗನಿಗಿ ತಿಳಸತೀನಿ ಅಂದೆ, ಅದಕ್ಕೂ ಇಲ್ಲ. ಕಡೀಕ ನಿಮ್ಮ ತಾಯೇರ ನೆನಪಾತು. ಭಾಮಾಬಾಯೇರ ಕೂದಲ ಮಣಕಾಲ ಮುಟ್ಟತಾವ ಅಂತ ಒಮ್ಮೆ ಹೇಳಿದ್ರು. ಗಂಡ ಸತ್ತ ತಮ್ಮ ಅಕ್ಕನ ತಲಿ ಬೋಳಿಸಿದಾಗ ತಾವು ಹಿತ್ತಲದಾಗ ಅಡಗಿ ಕುಂತಿದ್ದನ್ನೂ ಹೇಳಿದ್ರು. ಗಂಡ ಸತ್ತ ಮ್ಯಾಲೆ ನನ್ನ ಬಳಿ ಒಡದ್ರು ಖರೇ, ಆದ್ರ ಈ ತುರಬಿಗಿ ಯಾರೂ ಕೈ ಹಚ್ಚಲಿಲ್ಲ. ಅದಕ್ಕ ಕೈ ಮುಗದು ಅಂದೆ, ನಿಮ್ಮ ಮನಿಯಾಕಿ ತಲಿಗಿ ಕತ್ತಿ ಬರಗೊಡೂದಿಲ್ಲ, ಸುದ್ದಿ ಚಿಂಚೋಳಿ ಮುಟ್ಟಗೊಡೂದಿಲ್ಲ ಅಂತ.

ಕಾಗಿ ಇಳೀತು. ದೇವರಾಣಿ ಇಳೀತು.

ಇದನ್ನ ಮದಲೇ ಹೇಳಿದ್ರ ಛಲೋ ಕಾಣತಿತ್ತು. ನಿಮ್ಮ ತಾಯೇರ ಸಲುವಾಗಿ ಮುಚ್ಚಿಟ್ಟೆ ಅಂತ ಹೇಳಬೇಕಂತೇ ನಾ ಕುಂತಿದ್ದೆ. ಆದ್ರ ಅದು ಹತ್ತನೇ ದಿನಾ ಹೊಳದದ್ದು. ಒಂದನೇ ದಿನಾ ಬರೇ ನನ್ನ ಸಲುವಾಗಿ ಸುಮ್ಕಾದೆ. ನೀವು ಒಂದ ಮಾತ ಬೈದಿದ್ರೂ ನಾ ಇದನ್ನ ಬಾಯಿ ಬಿಡತಿರಲಿಲ್ಲ.

ಈಗ ಊರಿಗಿ ಹೋಗಿ ಏನ ಹೇಳತೀರಿ? ಹೇಳಿದ್ರ ನಿಮ್ಮ ಅಪ್ಪಾರಿಗಿ ನಿಮ್ಮ ಕೈಲಿಂದ ನೀರು, ಪಿಂಡ ಎಲ್ಲಾ ಸಿಗತದ. ಆದ್ರ ಹತ್ತನೇ ದಿನಾ ಹಜಾಮ ನಿಮ್ಮ ಹಿತ್ತಲ ಬಾಗಲದಾಗ ಬಂದು ನಿಂದರತಾನ. ಹೇಳಲಿಲ್ಲಂದ್ರ ತಾಯಿ ಕುಂಕುಮ ಹಚ್ಚಕೋತ ಅವರ ದಾರಿ ನೋಡತಾರ, ದಿನಾ ನಿಮ್ಮ ಕಣ್ಣ ಮುಂದೇ. ಹೊಲ ಅಗೀತೀನಿ ಅಂದ್ರ ಅಗೀರಿ, ನಾ ಅಡ್ಡ ಬರೂದಿಲ್ಲ. ತಾಯಿಗಿ ಏನ ಹೇಳತೀರಿ? ಅದಷ್ಟು ಹೇಳ್ರಿ ನನಗ.

ಏನರ ಅನ್ರಿ.

...ಸುಮ್ಕ ಕುಂತೀರಿ.

ನಾನೂ ಅವರನ್ನ ಕೂಡಿಸಿ ಬಂದು ಅವತ್ತು ಹಿಂಗೇ ಕುಂತಿದ್ದೆ, ಮಗಾ. ನಾಳೆ ಹೇಳಿದ್ರಾತು, ನಾಳೆ ಹೇಳಿದ್ರಾತು ಅಂತ.